ಪ್ರೆಸ್ ಎಂದು ಬರೆದ ಬೈಕು

ನಾಲ್ಕನೇ ಜ್ವರ ಎದ್ದ, ಅಂದರೆ ಕೊನೆಯ ಸಲ ಪೊರೆ ಕಳಚಿದ ರೇಷ್ಮೆಹುಳುಗಳು ಬಿಡುವಿಲ್ಲದೆ ಸೊಪ್ಪು ತಿನ್ನುವ ದಿನಗಳವು. ಶಿಡ್ಲಘಟ್ಟದ ಹತ್ತಿರದ ಆ ಊರಿನಲ್ಲಿ ರೇಷ್ಮೆ ಇಟ್ಟ ಯಾರಿಗೂ ಕೂರಲು ಪುರುಸೊತ್ತಿರಲಿಲ್ಲ. ಆದರೆ ಆ ಶುಕ್ರವಾರ ಬೆಳಿಗ್ಗೆ ಹನ್ನೆರಡು ವರ್ಷದ ಚೈತನ್ಯ ಸ್ಕೂಲ್ ಬ್ಯಾಗು ಹಾಕಿಕೊಂಡು ಹೊರಟಾಗ, ಅವಳ ತಾಯಿ ಮುನಿಗಂಗಮ್ಮ ಸೊಪ್ಪಿನ ಹೊರೆಯನ್ನು ಅಲ್ಲೇ ಹಾಕಿ ಬಾಗಿಲಿಗೆ ಅಡ್ಡ ನಿಂತಳು.

"ಒಳಗೆ ಹೋಗಮ್ಮ."

"ಇವತ್ತಿಗೆ ಐದು ದಿನ ಆಯ್ತಮ್ಮ. ಮೇಷ್ಟ್ರು ಹೆಸರು ಹೊಡೆದಾಕ್ತಾರೆ."

"ಹಾಕ್ಲಿ. ದಾರೀಲಿ ಅವ್ನು ನಿಂತಿದ್ರೆ ಏನು ಮಾಡ್ತೀಯ? ಈ ಬೆಳೆ ಒಂದು ಮುಗೀಲಿ."

ಅಕ್ಕ ತನುಜ ಅಮ್ಮ ಹಾಕಿದ ಹೊರೆಯನ್ನು ಎತ್ತಿಕೊಂಡಳು. ಅವಳು ಮಾತಾಡುವುದೇ ಕಡಿಮೆ. ಏಳನೇ ಕ್ಲಾಸಿನಲ್ಲಿ ತನ್ನನ್ನು ಬಿಡಿಸಿದಾಗಲೂ ಅಮ್ಮ ಇದೇ ಮಾತು ಹೇಳಿದ್ದು ಅವಳಿಗೆ ನೆನಪಿತ್ತು. ಆ ಬೆಳೆ ಮುಗಿದು ಈಗ ಏಳು ವರ್ಷ.

ಇದೆಲ್ಲ ಶುರುವಾದದ್ದು ಹಿಂದಿನ ಭಾನುವಾರ. ಚೈತನ್ಯ ಅಪ್ಪನ ಜೊತೆ ಹುಳುಮನೆಯಲ್ಲಿ ಸೊಪ್ಪು ಹಾಕುತ್ತಿದ್ದಳು. ಹೊರಗೆ ಬೈಕು ನಿಂತಿತು. ಅದರ ಮುಂದೆ ಕೆಂಪಕ್ಷರದಲ್ಲಿ 'ಪ್ರೆಸ್' ಎಂದಿತ್ತು. ನಂಬರಿಗಿಂತ ಅದೇ ದೊಡ್ಡದಾಗಿತ್ತು. ಕತ್ತಿಗೆ ಕಾರ್ಡು ನೇತುಹಾಕಿಕೊಂಡಿದ್ದ ಒಬ್ಬ ಮನುಷ್ಯ ಮೊಬೈಲ್ ಎತ್ತಿ ಹಿಡಿದು ವಿಡಿಯೋ ಮಾಡುತ್ತಲೇ ಒಳಗೆ ನುಗ್ಗಿದ.

ಹುಳುಮನೆಯ ಬಾಗಿಲಲ್ಲಿ ಬ್ಲೀಚಿಂಗ್ ಪುಡಿ ಕಲಸಿದ ನೀರಿನ ತಟ್ಟೆ ಇರುತ್ತದೆ. ಕಾಲಿನಲ್ಲಿ ರೋಗ ಬಂದೀತೆಂದು ಸ್ವಂತ ಬೀಗರೂ ಅದರಲ್ಲಿ ಕಾಲದ್ದಿಯೇ ಒಳಗೆ ಬರಬೇಕು. ಅವನು ಬೂಟುಗಾಲಿನಲ್ಲಿ ಅದನ್ನು ದಾಟಿಕೊಂಡು ಬಂದ. ಬೇರೆ ಯಾರಾದರೂ ಆಗಿದ್ದರೆ ಅಪ್ಪ ಮುನಿವೆಂಕಟಪ್ಪ ಊರು ಒಂದು ಮಾಡುವಂತೆ ಕೂಗಾಡುತ್ತಿದ್ದ. ಅಂದು ಸೊಪ್ಪು ಕೆಳಗಿಟ್ಟು ಕೈ ಮುಗಿದ. ಸೊಪ್ಪಿನ ಬುಟ್ಟಿ ಹೊತ್ತು ಬಾಗಿಲಿಗೆ ಬಂದಿದ್ದ ತನುಜ ಅದನ್ನು ನೋಡಿ ಬುಟ್ಟಿಯನ್ನು ಅಲ್ಲೇ ಇಳಿಸಿದಳು.

"ಬಾಲಕಾರ್ಮಿಕರನ್ನ ಇಟ್ಕೊಂಡಿದ್ದೀಯ. ಇದನ್ನ ನ್ಯೂಸಲ್ಲಿ ಹಾಕಿದ್ರೆ ಹುಡುಗೀನ ಎತ್ಕೊಂಡೋಗಿ ಹಾಸ್ಟೆಲಿಗೆ ಹಾಕ್ತಾರೆ. ನೀನೂ ನಿನ್ ಹೆಂಡ್ತೀನೂ ಜೈಲಿಗೆ."

"ನಮ್ ಮಗಳು ಸಾಮಿ... ಭಾನುವಾರ ಅಲ್ವಾ..."

"ಅದನ್ನ ಕೋರ್ಟಲ್ಲಿ ಹೇಳು." ಆಮೇಲೆ ಅವನ ಧ್ವನಿ ಮೆತ್ತಗಾಯಿತು. "ಗೂಡು ಬಿಡಿಸೋ ದಿನ ಬರ್ತೀನಿ. ನನ್ನ ಪಾಲು ತೆಗೆದಿಡು. ಅಲ್ಲೀಗಂಟ ಯಾರ ಹತ್ರಾನೂ ಬಾಯಿ ಬಿಡಬೇಡ."

ಅದನ್ನು ಅವನು ಹೇಳಬೇಕಾಗಿಯೇ ಇರಲಿಲ್ಲ. ಗೂಡು ಮಾರ್ಕೆಟ್ಟಿಗೆ ಹೋಗುವ ತನಕ ಹುಳುಮನೆಯ ವಿಷಯ ಹೊರಗೆ ಆಡಬಾರದು ಎಂಬುದು ಆ ಊರಿನ ಪದ್ಧತಿ. ಬೆಳೆ ಹೇಗಿದೆ ಎಂದು ಯಾರಾದರೂ ಕೇಳಿದರೆ "ಏನೋ ಐತೆ" ಎಂದು ಮುಂದೆ ಹೋಗುತ್ತಾರೆ. ಕಣ್ಣು ಬೀಳುತ್ತದೆ ಎಂಬ ಭಯ. ಈ ವಿಷಯವೂ ಹಾಗೆಯೇ ಮನೆಯೊಳಗೆ ಉಳಿಯಿತು. ರಸ್ತೆಯಲ್ಲಿ ಬೈಕಿನ ಸದ್ದಾದರೆ ಸಾಕು, ಚೈತನ್ಯ ಗೂಡು ಕಟ್ಟಿಸುವ ಬಿದಿರಿನ ಚಂದ್ರಂಕಿಗಳ ರಾಶಿಯ ಹಿಂದೆ ಹೋಗಿ ಕೂರುತ್ತಿದ್ದಳು. ಹಾಲಿನ ವ್ಯಾನು ಬಂದರೂ ಎದ್ದು ಓಡುತ್ತಿದ್ದಳು.

ಆ ಶುಕ್ರವಾರ ಮೈಕು ಕಟ್ಟಿದ ಆಟೋ ಊರೊಳಗೆ ಬಂತು. "ಪತ್ರಿಕಾ ದಿನಾಚರಣೆ! ತಾಲ್ಲೂಕಿನ ವೃತ್ತಿನಿರತ ಪತ್ರಕರ್ತರ ಬಳಗದಿಂದ ಇಂದು ಸಂಜೆ ಡೇರಿ ಮುಂದೆ ಸಭೆ!"

ಮುನಿಗಂಗಮ್ಮ ಕದ ಹಾಕಿಬಿಟ್ಟಳು. "ಒಬ್ಬ ಸಾಲ್ದು ಅಂತ ಈಗ ಸಂಘಾನೇ ಬಂದೈತಾ?" ಎಂದು ಮುನಿವೆಂಕಟಪ್ಪ ತಲೆ ಮೇಲೆ ಕೈ ಹೊತ್ತ.

ಆದರೆ ಸಂಜೆ ಡೇರಿಗೆ ಹಾಲು ಹಾಕುವುದು ತಪ್ಪುವುದಿಲ್ಲವಲ್ಲ. ತನುಜ ಕ್ಯಾನು ಹಿಡಿದು ಹೋಗಿ, ಹಿಂದಿನ ಸಾಲಿನಲ್ಲಿ ಪಕ್ಕದ ಮನೆಯ ಮಂಗಮ್ಮನ ಹತ್ತಿರ ಕೂತಳು.

ಮಾತಾಡಲು ಎದ್ದವಳು ಸಂಘಮಿತ್ರ, ಶಿಡ್ಲಘಟ್ಟದ ವರದಿಗಾರ್ತಿ. "ಪ್ರತಿ ವರ್ಷ ಟೌನಲ್ಲಿ ಶಾಲು ಹಾಕ್ಕೊಂಡು ಫೋಟೋ ತೆಗೆಸ್ಕೊಳ್ತಿದ್ವಿ. ಈ ಸಲ ಶಾಲು ಅಲ್ಲೇ ಬಿಟ್ಟು ಬಂದಿದ್ದೀವಿ" ಎಂದಾಗ ಜನ ನಕ್ಕರು. "ನಮ್ಮ ಹೆಸರು ಹೇಳ್ಕೊಂಡು ಕೆಲವರು ಹೆದರಿಸ್ತಾ ತಿರುಗ್ತಿದ್ದಾರೆ. ಅವರ ಮೇಲೆ ಕ್ರಮ ತಗೊಳ್ಳಿ ಅಂತ ಪೊಲೀಸರಿಗೆ ನಮ್ಮ ಬಳಗ ಮನವಿ ಕೊಟ್ಟಿದೆ. ಒಂದು ಮಾತು ತಿಳ್ಕೊಳ್ಳಿ. ನಿಜವಾದ ವರದಿಗಾರರು ಸುದ್ದಿ ಹಾಕೋಕೂ ಏನೂ ಕೇಳಲ್ಲ, ಹಾಕ್ದೆ ಇರೋಕೂ ಏನೂ ಕೇಳಲ್ಲ."

ತನುಜ ಕ್ಯಾನು ಕೆಳಗಿಟ್ಟಳು. ಕೈ ಎತ್ತಿದ್ದು ತಾನೇ ಎಂದು ಅವಳಿಗೇ ನಂಬಿಕೆಯಾಗಲಿಲ್ಲ.

"ಅಕ್ಕ... ಕತ್ತಲ್ಲಿ ಕಾರ್ಡು ಇದ್ರೆ?"

"ಕಾರ್ಡು ಜೆರಾಕ್ಸ್ ಅಂಗಡೀಲೂ ಮಾಡ್ಕೊಡ್ತಾರೆ ಕಣಮ್ಮ. ಪತ್ರಿಕೆ ಹೆಸರು ಕೇಳು. ಆಫೀಸಿಗೆ ಫೋನ್ ಮಾಡು."

"ಗೂಡು ಬಿಡಿಸೋ ದಿನ ಬರ್ತೀನಿ, ಪಾಲು ತೆಗೆದಿಡು ಅಂದ್ರೆ?"

ಮಂಗಮ್ಮ ಅವಳ ತೋಳನ್ನು ಗಟ್ಟಿಯಾಗಿ ಹಿಡಿದಳು. "ನಿಮ್ಮನೇಗೂ ಬಂದಿದ್ನೇನೇ?"

ಮುಂದಿನ ಸಾಲಿನಿಂದ ಕೊಂಡಪ್ಪ ತಲೆ ತಗ್ಗಿಸಿಕೊಂಡು ಎದ್ದ. "ಹೋದ ಬೆಳೇಲಿ ನಮ್ಮನೆಯಿಂದ ಪಾಲು ತಗೊಂಡೋದ. ಹೇಳೋಕೆ ನಾಚ್ಕೆ ಆಯ್ತು." ಇನ್ನೊಂದು ಮನೆಯವರೂ ದನಿಗೂಡಿಸಿದರು. ಒಟ್ಟು ನಾಲ್ಕು ಮನೆ, ಒಬ್ಬನೇ ಮನುಷ್ಯ, ಅದೇ ಬೈಕು.

"ಅಯ್ಯೋ ದೇವುಡಾ! ನಮ್ಮಿಬ್ರಿಗೂ ಒಂದೇ ಗೋಡೆ ಕಣೇ. ಆ ಕಡೆ ನೀವು ನಡುಗ್ತಿದ್ರಿ, ಈ ಕಡೆ ನಾವು ನಡುಗ್ತಿದ್ವಿ" ಎಂದಳು ಮಂಗಮ್ಮ.

ಸಭೆ ಮುಗಿದ ಮೇಲೆ ಸಂಘಮಿತ್ರ ತನುಜಳ ಜೊತೆ ಮನೆಗೆ ಬಂದಳು. ಹುಳುಮನೆಯ ಬಾಗಿಲಲ್ಲಿ ತಟ್ಟೆ ನೋಡಿ ಚಪ್ಪಲಿ ಬಿಟ್ಟು, ನೀರಿನಲ್ಲಿ ಎರಡೂ ಕಾಲು ಅದ್ದಿ, "ಒಳಗೆ ಬರಬಹುದಾ ಅಣ್ಣ, ಇಲ್ಲೇ ನಿಲ್ಲಲಾ?" ಎಂದು ಕೇಳಿದಳು. ಮುನಿವೆಂಕಟಪ್ಪ ಅವಳ ಒದ್ದೆ ಕಾಲನ್ನೇ ನೋಡಿದ.

ಡೇರಿ ಮುಂದೆ ಆದದ್ದನ್ನೆಲ್ಲ ತನುಜ ಹೇಳಿದ ಮೇಲೂ ಅವನು ಬಿಗಿಯಾಗಿಯೇ ಇದ್ದ. "ನಿಮ್ಮೋರು ನಿಮ್ಮೋರೇ ಕಣಮ್ಮ. ಪಾಲು ಕೊಟ್ರೆ ಒಂದು ಸಲಕ್ಕೆ ಮುಗೀತದೆ. ದೂರು ಕೊಟ್ರೆ ದಿನಾ ಹೆದರ್ಬೇಕು."

"ಒಂದು ಸಲಕ್ಕೆ ಮುಗಿಯೋದಾಗಿದ್ರೆ ಕೊಂಡಪ್ಪನ ಮನೆಯಿಂದ ನಿಮ್ಮನೇಗ್ಯಾಕೆ ಬಂದ? ನನ್ನನ್ನೂ ಸುಮ್ನೆ ನಂಬಬೇಡಿ. ಇದು ನಮ್ಮ ಪತ್ರಿಕೆ, ಇಲ್ಲಿ ನಂಬರಿದೆ. ಫೋನ್ ಮಾಡಿ ಕೇಳಿ."

ಅವನು ನಿಜವಾಗಿಯೂ ಫೋನ್ ಮಾಡಿದ. ಹೌದು, ಸಂಘಮಿತ್ರ ನಮ್ಮವರೇ ಎಂದು ಆ ಕಡೆಯಿಂದ ಉತ್ತರ ಬಂತು.

"ಅವ್ನಿಗೂ ಹಿಂಗೇ ಮಾಡಿ" ಎಂದಳು ಸಂಘಮಿತ್ರ. "ರಜೇಲಿ ಮಗಳು ಅಪ್ಪ ಅಮ್ಮನಿಗೆ ಒಂದಿಷ್ಟು ಸೊಪ್ಪು ಹಾಕಿಕೊಟ್ರೆ ಅದು ತಪ್ಪಲ್ಲ. ಸ್ಕೂಲು ತಪ್ಪಿಸಿದ್ರೆ ತಪ್ಪು. ಐದು ದಿನ ತಪ್ಪಿಸಿದ್ದೀರಂತೆ, ತನುಜ ದಾರೀಲಿ ಹೇಳಿದ್ಲು, ಅದನ್ನ ನಾನೇ ಬರೀಬಹುದು."

ಮುನಿಗಂಗಮ್ಮ ಚೈತನ್ಯಳನ್ನು ಹತ್ತಿರಕ್ಕೆ ಎಳೆದುಕೊಂಡಳು.

"ನಾಳೆ ಕಳ್ಸಿಬಿಡಿ, ಆಮೇಲೆ ಬರೆಯೋಕೆ ಏನೂ ಇರಲ್ಲ" ಎಂದಳು ಸಂಘಮಿತ್ರ.

"ನಿಮಗೆ ಭಯ ಆಗಲ್ವಾಮ್ಮ?" ಎಂದು ಮುನಿಗಂಗಮ್ಮ ಮೆಲ್ಲಗೆ ಕೇಳಿದಳು.

"ಆಗ್ತದೆ. ಕಲ್ಲುಗಣಿ ಸುದ್ದಿ ಬರೆದಾಗ ಎರಡು ದಿನ ನಮ್ಮನೆ ಮುಂದೆ ಗಣಿಯೋರ ಜೀಪು ನಿಂತಿತ್ತು. ಬಳಗದ ಹತ್ತು ಜನ ಬಂದು ನಮ್ಮ ಜಗಲಿ ಮೇಲೆ ಕೂತ್ರು. ಜಗಳ ಇಲ್ಲ, ಕೂಗಾಟ ಇಲ್ಲ, ಸುಮ್ನೆ ಕೂತ್ರು. ಜೀಪು ಹೊರಟೋಯ್ತು."

ಆ ಮಾತು ತನುಜಳ ಮನಸ್ಸಿನಲ್ಲಿ ನಿಂತಿತು.

ಮುಂದಿನ ಶುಕ್ರವಾರ ಗೂಡು ಬಿಡಿಸುವ ದಿನ. ಚೈತನ್ಯ ಎಂದಿನಂತೆ ಸ್ಕೂಲಿಗೆ ಹೋಗಿದ್ದಳು. ಯಾವತ್ತೂ ಇನ್ನೊಬ್ಬರ ಗೂಡಿನ ಕಡೆ ತಲೆ ಹಾಕದ ಹೆಂಗಸರು ಅಂದು ಮುನಿಗಂಗಮ್ಮನ ಜಗಲಿ ತುಂಬ ಕೂತು ಚಂದ್ರಂಕಿಯಿಂದ ಗೂಡು ಬಿಡಿಸುತ್ತಿದ್ದರು. ತನುಜ ಒಬ್ಬೊಬ್ಬರ ಮನೆಗೂ ಹೋಗಿ ಕರೆದಿದ್ದಳು. ಕರೆಯುವಾಗ ಅವಳ ಕಣ್ಣು ನೆಲದ ಮೇಲೇ ಇತ್ತು.

ಬೈಕಿನ ಸದ್ದು ಕೇಳಿತು. ಎಲ್ಲರ ಕೈಯೂ ಒಮ್ಮೆಗೇ ನಿಂತಿತು.

ಅವನು ಜಗಲಿಯ ಕಡೆ ನೋಡಿದ. ಅಷ್ಟು ಜನ ಇರುತ್ತಾರೆಂದು ಅವನು ಎಣಿಸಿರಲಿಲ್ಲ. "ಎಲ್ಲಿ ನಿಮ್ಮಪ್ಪ?" ಎಂದು ತನುಜಳನ್ನು ಕೇಳಿದ.

ಅಪ್ಪ ಮನೆಯೊಳಗಿಂದ ಬಂದು ಅವಳ ಪಕ್ಕದಲ್ಲಿ ನಿಂತ. ತನುಜ ಒಂದು ಹೆಜ್ಜೆ ಮುಂದೆ ಬಂದಳು. "ನಿಮ್ಮ ಪತ್ರಿಕೆ ಹೆಸರು ಹೇಳಿ. ಆಫೀಸ್ ನಂಬರ್ ಕೊಡಿ. ಫೋನ್ ಮಾಡ್ತೀವಿ."

"ಏನಮ್ಮಾ, ನನ್ನನ್ನೇ ಕೇಳ್ತೀಯ? ವಿಡಿಯೋ ಹಾಕ್ತೀನಿ ನೋಡ್ತಿರು!"

"ಹಾಕಪ್ಪ" ಎಂದಳು ಮಂಗಮ್ಮ, ಗೂಡಿನಿಂದ ಕಣ್ಣೆತ್ತದೆ. "ಹುಡುಗಿ ಸ್ಕೂಲಲ್ಲಿ ಅವ್ಳೆ. ಅಲ್ಲಿಗೇ ಹೋಗಿ ಇನ್ನೊಂದು ತಕ್ಕೊ. ಮೇಷ್ಟ್ರು ನಿಂಗೂ ಹಾಜರಿ ಹಾಕ್ತಾರೆ."

ಯಾರೋ ಕಿಸಕ್ಕೆಂದರು. ಅವನು ಬೈಕು ತಿರುಗಿಸಿದ. ತನುಜ ಬೈಕಿನ ನಂಬರನ್ನು ಸೀಮೆಸುಣ್ಣದಿಂದ ಹುಳುಮನೆಯ ಗೋಡೆಯ ಮೇಲೆ, ಹುಳು ತಂದ ತಾರೀಕಿನ ಕೆಳಗೆ ಬರೆದಳು. ಅಂದು ಸಂಜೆ ನಾಲ್ಕು ಮನೆಯವರೂ ಒಟ್ಟಿಗೆ ಸ್ಟೇಷನ್ನಿಗೆ ಹೋಗಿ ದೂರು ಕೊಟ್ಟರು. ಮೊದಲ ಸಹಿ ಮುನಿವೆಂಕಟಪ್ಪನದು.

ವಿಡಿಯೋ ಇವತ್ತಿನವರೆಗೂ ಬಂದಿಲ್ಲ. ಈಗಲೂ ಬೈಕಿನ ಸದ್ದಾದರೆ ತನುಜಳ ಕೈ ಒಂದು ಕ್ಷಣ ನಿಲ್ಲುತ್ತದೆ. ಚೈತನ್ಯ ಮಾತ್ರ ಚಂದ್ರಂಕಿಯ ಹಿಂದೆ ಓಡುವುದಿಲ್ಲ. ರಸ್ತೆಗೆ ಹೋಗಿ ನಂಬರು ಓದಿಕೊಂಡು ಬರುತ್ತಾಳೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಬಾಗಿಲಿಗೂ ಹೀಗೆ ಯಾರಾದರೂ ಬರಬಹುದು. ಹೆಸರು ಕೇಳಿ, ಪತ್ರಿಕೆಯ ಆಫೀಸಿಗೆ ಫೋನ್ ಮಾಡಿ, ಗಾಡಿಯ ನಂಬರು ಬರೆದಿಟ್ಟುಕೊಳ್ಳಿ. ಬೆದರಿಸಿದರೆ 112ಕ್ಕೆ ಕರೆ ಮಾಡಿ, ಊರಿನ ಪತ್ರಕರ್ತರ ಸಂಘಕ್ಕೂ ತಿಳಿಸಿ. ಏನನ್ನೂ ಕೊಡಬೇಡಿ. ನಿಜವಾದ ವರದಿಗಾರರು ಬಂದರೆ ಬಾಗಿಲು ಹಾಕಬೇಡಿ, ನಿಮ್ಮ ಕಷ್ಟವನ್ನು ಹೊರಗೆ ಹೇಳುವವರು ಅವರೇ. ಎಲ್ಲಕ್ಕಿಂತ ಮೊದಲು ಇವತ್ತೇ ಪಕ್ಕದ ಮನೆಯವರಿಗೆ ಹೇಳಿ. ಆ ಗೋಡೆಯಾಚೆ ಅವರೂ ನಿಮ್ಮ ಹಾಗೆಯೇ ಬಾಯಿ ಮುಚ್ಚಿಕೊಂಡು ಕೂತಿರಬಹುದು.