ಟ್ರಯಲ್ ರೂಮಿನ ಪರದೆ

ಟೈಲರಮ್ಮನ ಬಾಯಿಗೆ ಹೆದರದವರು ಆ ಬೀದಿಯಲ್ಲಿ ಇಬ್ಬರೇ ಇದ್ದರು. ಒಬ್ಬಳು ಅವಳ ಅತ್ತೆ. ಮುದುಕಿಗೆ ಕಿವಿ ಮಂದ, ಹಾಗಾಗಿ ಹೆದರುವ ಪ್ರಶ್ನೆಯೇ ಇರಲಿಲ್ಲ. ಇನ್ನೊಬ್ಬಳು, ಸಣಕಲು ಮೈಯಿಂದಾಗಿ ಎಲ್ಲರೂ ಕಡ್ಡಿ ಎಂದೇ ಕರೆಯುತ್ತಿದ್ದವಳು. ಒಂದು ಕಾಲಕ್ಕೆ ನಶೆಯ ಸೂಜಿ ಚುಚ್ಚಿಕೊಂಡು ಸೇತುವೆ ಕೆಳಗೆ ಬಿದ್ದಿರುತ್ತಿದ್ದವಳು, ಪೊಲೀಸರ ಲಾಠಿ, ಆಸ್ಪತ್ರೆಯವರ ಮೂದಲಿಕೆ ಎಲ್ಲವನ್ನೂ ಉಂಡು ಎದ್ದುಬಂದಿದ್ದಳು. ಈಗ, ಒಬ್ಬರ ಸೂಜಿ ಇನ್ನೊಬ್ಬರು ಚುಚ್ಚಿಕೊಂಡು ಎಚ್‌ಐವಿ ಹರಡದಿರಲೆಂದು, ಅದೇ ಸೇತುವೆ ಕೆಳಗೆ ಹೊಸ ಸೂಜಿ ಹಂಚುವುದು ಅವಳ ಕೆಲಸ. ಅವಳಿಗೆ ಟೈಲರಮ್ಮನ ಬಾಯಿ ಯಾವ ಲೆಕ್ಕ?

ಒಂದು ಬೆಳಿಗ್ಗೆ ಕಡ್ಡಿ ಬ್ಯಾಗಿನ ಜಿಪ್ಪು ಹಾಕಿಸುವ ನೆಪದಲ್ಲಿ ಬಂದು ಅಂಗಡಿಯ ಮೂಲೆಯಲ್ಲಿದ್ದ ಟ್ರಯಲ್ ರೂಮನ್ನೇ ನೋಡುತ್ತ ನಿಂತಳು. ರೂಮು ಅನ್ನುವುದು ದೊಡ್ಡ ಮಾತು. ಒಂದು ಕನ್ನಡಿ, ಒಂದು ಸ್ಟೂಲು, ದಪ್ಪನೆಯ ನೀಲಿ ಪರದೆ, ಅಷ್ಟೆ.

"ಅಕ್ಕಾ, ಇದನ್ನ ನಂಗೆ ಕೊಡ್ತೀಯಾ?"

"ಪರದೆನಾ?"

"ಪರದೆ ಹಿಂದಿನ ಜಾಗ."

ಎಚ್‌ಐವಿ ಇದೆಯೋ ಇಲ್ಲವೋ ಅಂತ ತಾವೇ ನೋಡಿಕೊಳ್ಳುವ ಕಿಟ್ಟು ಅವಳ ಬ್ಯಾಗಿನಲ್ಲಿತ್ತು. ಅದರಲ್ಲಿನ ಚಪ್ಪಟೆ ಪಟ್ಟಿಯನ್ನು ವಸಡಿಗೆ ಸವರಿ ಪುಟ್ಟ ಸೀಸೆಯಲ್ಲಿಟ್ಟು ಸ್ವಲ್ಪ ಹೊತ್ತು ಕಾಯಬೇಕು. ಒಂದು ಗೆರೆ ಬಂದರೆ ಸೋಂಕು ಕಂಡಿಲ್ಲ ಎಂದರ್ಥ. ಎರಡು ಬಂದರೆ ಆಸ್ಪತ್ರೆಯಲ್ಲಿ ಇನ್ನೊಮ್ಮೆ ನೋಡಿಸಿ ಖಚಿತ ಮಾಡಿಕೊಂಡು ಮಾತ್ರೆ ಶುರು ಮಾಡಬೇಕು.

"ಕಿಟ್ಟಿದೆ, ಮಾಡ್ಕೊಳ್ಳೋಕೆ ಜಾಗ ಇಲ್ಲ. ಸೇತುವೆ ಕೆಳಗೆ ಪೊಲೀಸು, ಮನೇಲಿ ಮನೆಯವರು. ಆಸ್ಪತ್ರೇಲಿ ಕಾಯಿಲೆ ಹೆಸರು ಹಿಡಿದೇ ಕೂಗ್ತಾರೆ. ಟೈಲರ್ ಹತ್ರ ಯಾಕೆ ಹೋಗಿದ್ದೆ ಅಂತ ಯಾರಾದ್ರೂ ಕೇಳ್ತಾರಾ, ನೀನೇ ಹೇಳು."

ಟೈಲರಮ್ಮನಿಗೆ ತಟ್ಟನೆ ಮೈದುನನ ನೆನಪಾಯಿತು. ಗಂಡ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದಿದ್ದ ಗಂಡಸು ಅವನೊಬ್ಬನೇ. ಸುಟ್ಟ ಮೋಟಾರುಗಳಿಗೆ ತಂತಿ ಸುತ್ತಿ ಜೀವ ಕೊಡುತ್ತಿದ್ದ. ದುಡಿಮೆ ಮುಗಿದ ಮೇಲೆ ತನ್ನ ತೋಳಿಗೇ ಸೂಜಿ ಹಾಕಿಕೊಳ್ಳುತ್ತಿದ್ದ. ಬಿಡುತ್ತೇನೆ ಅಂದಿದ್ದ, ಬಿಟ್ಟಿದ್ದ, ಮತ್ತೆ ಹಿಡಿದಿದ್ದ.

"ಕಸ ಬಿಟ್ಟು ಹೋದ್ರೆ ಕತ್ತರಿ ತಗೋತೀನಿ," ಅಂದಳು ಟೈಲರಮ್ಮ. ಕಡ್ಡಿಗೆ ಅದೇ ಒಪ್ಪಿಗೆ.

ಸೇತುವೆಯ ಕಡೆಯ ಜನ ಬರತೊಡಗಿದರು. ಮೂಟೆ ಹೊರುವವನು, ಗೋಡೆಗೆ ಬಣ್ಣ ಬಳಿಯುವವನು, ಹೋಟೆಲಿನಲ್ಲಿ ಪಾತ್ರೆ ತೊಳೆಯುವವಳು. ಒಬ್ಬೊಬ್ಬರೂ ಪರದೆ ಎಳೆದುಕೊಂಡು ಕೂರುತ್ತಿದ್ದರು. ಕಡ್ಡಿ ಆಚೆ ಇಸ್ತ್ರಿ ಮೇಜಿನ ಪಕ್ಕದಲ್ಲಿ ಕಾಯುತ್ತಿದ್ದಳು. ಕರೆದರೆ ಒಳಗೆ ಹೋಗುವಳು, ಕರೆಯದಿದ್ದರೆ ಇಲ್ಲ. ಒಂದೇ ಗೆರೆ ಬಂದವರಿಗೆ ಹೊಸ ಸೂಜಿ ಕೊಟ್ಟು, ಸೋಂಕು ತಗಲದಂತೆ ತಡೆಯುವ ಮಾತ್ರೆ ಎಲ್ಲಿ ಸಿಗುತ್ತದೆಂದು ಹೇಳಿ ಕಳಿಸುತ್ತಿದ್ದಳು. ಬಣ್ಣ ಬಳಿಯುವವನಂತೂ ಗೆಲುವಾಗಿ ಹೊರಬಂದವನೇ ಆ ಖುಷಿಗೆ, ನೆಪಕ್ಕೆಂದು ತಂದಿದ್ದ ಪ್ಯಾಂಟಿನ ಕಾಲು ನಿಜವಾಗಿಯೂ ಗಿಡ್ಡ ಮಾಡಿಸಿಕೊಂಡು ಹೋದ. ಪಾಪ, ಅದು ಮೊದಲೇ ಗಿಡ್ಡವಿತ್ತು.

ಮೈದುನ ಮಾತ್ರ ಅಂಗಡಿಯ ಕಡೆ ತಲೆ ಹಾಕಲಿಲ್ಲ. ಅತ್ತಿಗೆಯೂ ಬಾ ಅನ್ನಲಿಲ್ಲ. ಒಂದು ಮಧ್ಯಾಹ್ನ ತಾನಾಗಿಯೇ ಬಂದ, ಯಾರನ್ನೂ ನೋಡದೆ ಪರದೆ ಎಳೆದುಕೊಂಡ. ಮಷೀನು ತುಳಿಯುತ್ತಿದ್ದ ಟೈಲರಮ್ಮ ಹೊಲಿಗೆ ಎತ್ತಲೋ ಹೋಗುತ್ತಿದ್ದರೂ ತುಳಿಯುತ್ತಲೇ ಇದ್ದಳು. ಬಹಳ ಹೊತ್ತಾದ ಮೇಲೆ ಅವನು ಹೊರಬಂದ.

"ಎರಡು ಬಂತು ಅತ್ತಿಗೆ. ಅಮ್ಮನಿಗೆ ಹೇಳ್ಬೇಡಿ."

"ಹೇಳೋದು ಬಿಡೋದು ನಿನ್ನಿಷ್ಟ. ಚಪ್ಪಲಿ ಹಾಕ್ಕೋ, ನಡಿ ಆಸ್ಪತ್ರೆಗೆ."

ಅಲ್ಲಿ ಕಿಟಕಿಯ ಹಿಂದೆ ಕೂತಿದ್ದವನು, "ಎಚ್‌ಐವಿನಾ? ನಶೆ ಕೇಸಾ?" ಎಂದು ಸಾಲಿಗೆಲ್ಲ ಕೇಳುವಂತೆ ಅರಚಿದ. ಮೈದುನ ಹಿಂದಕ್ಕೆ ತಿರುಗಿದ. ಟೈಲರಮ್ಮ ಅವನ ಅಂಗಿಯ ತುದಿ ಹಿಡಿದು ನಿಲ್ಲಿಸಿ ಕಿಟಕಿಗೆ ಬಗ್ಗಿದಳು.

"ಇನ್ನೂ ಸ್ವಲ್ಪ ಜೋರಾಗಿ ಹೇಳಿ ಸ್ವಾಮಿ. ಬಸ್ ಸ್ಟ್ಯಾಂಡಲ್ಲಿರೋರಿಗೆ ಕೇಳಿಸ್ಲಿಲ್ಲ."

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಕಿಟಕಿಯವನ ದನಿ ಇಳಿಯಿತು. ಕಾಯಿಲೆ ಖಚಿತವಾಯಿತು, ಮಾತ್ರೆಯೂ ಕೈಗೆ ಬಂತು.

ಅಷ್ಟರಲ್ಲಿ ಪರದೆ ಹಿಂದಿನ ಪರೀಕ್ಷೆಯ ಸುದ್ದಿ ಹಬ್ಬಿತ್ತು. ಆ ಕಟ್ಟಡದ ಅಂಗಡಿಯವರಿಗೆಲ್ಲ ಮುಖಂಡನಂತಿದ್ದ ಹಾರ್ಡ್‌ವೇರ್ ಅಂಗಡಿಯ ಯಜಮಾನ ಒಂದು ಸಂಜೆ ನಾಲ್ಕೈದು ಜನರನ್ನು ಕಟ್ಟಿಕೊಂಡು ಬಂದ. ಮೈದುನ ಆಗ ನೆಲದ ಮೇಲೆ ಕೂತು ಹೊಲಿಗೆ ಮಷೀನಿನ ಮೋಟಾರು ಬಿಚ್ಚಿಕೊಂಡಿದ್ದ. ಅತ್ತೆ ಬಾಗಿಲ ಬಳಿ ಗುಂಡಿ ಹಚ್ಚುತ್ತಿದ್ದಳು.

"ನೋಡಮ್ಮಾ, ಗಿರಾಕಿಗಳು ಹೆದರ್ತಿದಾರೆ. ಈ ನಶೆಯವರ ಓಡಾಟ ನಿಲ್ಲಿಸು, ಇಲ್ಲಾಂದ್ರೆ ಅಂಗಡಿ ಖಾಲಿ ಮಾಡು."

"ನಿಮ್ಮ ಮೈಮೇಲಿರೋ ಅಂಗಿ ಯಾರು ಹೊಲಿದಿದ್ದು?" ಟೈಲರಮ್ಮ ಕೇಳಿದಳು. "ಅದೇ ಪರದೆ ಹಿಂದೆ ನೀವೂ ಅಂಗಿ ಬಿಚ್ಚಿದೀರಿ. ನಿಮ್ಮ ಹೊಟ್ಟೆ ಅಳತೆ ಇವತ್ತಿನವರೆಗೂ ಯಾರಿಗಾದ್ರೂ ಹೇಳಿದೀನಾ? ಅವರದ್ದೂ ಹೇಳಲ್ಲ. ಅವರನ್ನ ಬರಬೇಡಿ ಅಂತಲೂ ಅನ್ನಲ್ಲ."

"ಹಾಗಾದ್ರೆ ಆ ಕಾಯಿಲೆಯೋರು ಯಾರ್ಯಾರು ಬಂದಿದ್ರು ಅಂತಾದ್ರೂ ಹೇಳು!"

ಮೈದುನ ಕೈ ಒರೆಸಿಕೊಂಡು ಎದ್ದ. "ನಾನು ಬಂದಿದ್ದೆ. ಎರಡು ಗೆರೆ ಬಂತು. ನಿಮ್ಮನೆ ನೀರಿನ ಮೋಟಾರು ಸುಟ್ಟಾಗ ತಂತಿ ಸುತ್ತಿಕೊಟ್ಟಿದ್ದೂ ನಾನೇ. ದಿನಾ ಅದೇ ನೀರು ಕುಡೀತಿದೀರಲ್ಲ, ಏನಾಯ್ತು ನಿಮಗೆ?"

ಬಾಗಿಲ ಬಳಿಯಿಂದ ಅತ್ತೆ, "ಏನಂತೋ? ನಂಗೂ ಹೇಳ್ರೋ!" ಎಂದಳು.

ಮೈದುನ ಅತ್ತಿಗೆಯ ಮುಖ ನೋಡಿದ. ನಿನ್ನಿಷ್ಟ ಎಂಬಂತೆ ಅವಳು ತಲೆಯಾಡಿಸಿದಳು. ಅವನು ತಾಯಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಅವಳ ಕಿವಿಗೆ ಬಾಯಿಟ್ಟ. ಆ ಕಿವಿಗೆ ಮುಟ್ಟಬೇಕಾದರೆ ಕೂಗಲೇಬೇಕು. ಕೂಗಿದ.

"ಅಮ್ಮಾ, ನಂಗೆ ಎಚ್‌ಐವಿ ಇದೆ! ಮಾತ್ರೆ ತಗೋತಿದೀನಿ!"

ಮೇಲಿನ ಮಹಡಿಯಲ್ಲೂ ಬಾಗಿಲು ತೆರೆದ ಸದ್ದಾಯಿತು. ಅತ್ತೆಯ ಕೈಯಲ್ಲಿದ್ದ ಗುಂಡಿ ಜಾರಿ ಬಿತ್ತು. ಮಗನ ಗಲ್ಲ ಹಿಡಿದುಕೊಂಡಳು. ಅವಳ ಕಣ್ಣು ತುಂಬಿತು, ದನಿ ಮಾತ್ರ ಗಟ್ಟಿಯಾಗಿತ್ತು.

"ಊಟಕ್ಕೆ ಮುಂಚೆನಾ, ಆಮೇಲಾ?"

"ರಾತ್ರಿ ಊಟ ಆದ್ಮೇಲಮ್ಮಾ."

"ಹಾಗಾದ್ರೆ ಹೊತ್ತಿಗೆ ಸರಿಯಾಗಿ ಮನೆಗೆ ಬಾ." ಆಮೇಲೆ ಯಜಮಾನನ ಕಡೆ ತಿರುಗಿದಳು. "ಇವರ್ಯಾಕೆ ನಿಂತಿದಾರೆ? ಅಳತೆ ಕೊಡೋಕಾ?"

ಅಷ್ಟಕ್ಕೇ ಎಲ್ಲರ ಮನಸ್ಸು ಕರಗಿತೆಂದು ಹೇಳಿದರೆ ಕಥೆ ಚೆನ್ನಾಗಿರುತ್ತದೆ, ಆದರೆ ಹಾಗಾಗಲಿಲ್ಲ. ಕಟ್ಟಡದ ಮಾಲೀಕ ತಿಂಗಳೊಳಗೆ ಅಂಗಡಿ ಬಿಡಿಸಿದ. ಶಾಲೆಯ ಯೂನಿಫಾರ್ಮ್ ಹೊಲಿಯುವ ಕೆಲಸ ಕೈತಪ್ಪಿತು. ಟೈಲರಮ್ಮ ಹಿತ್ತಲ ಓಣಿಯಲ್ಲಿ ಹಳೆಯ ಗೋದಾಮೊಂದನ್ನು ಹಿಡಿದಳು. ಸಾಮಾನು ಸಾಗಿಸುವ ದಿನ ಹಾಡಹಗಲಲ್ಲಿ ಸೇತುವೆಯ ಕಡೆಯಿಂದ ಜನ ಬಂದರು. ಮೂಟೆ ಹೊರುವವನು ಮಷೀನನ್ನು ಹೆಗಲಿಗೇರಿಸಿದ, ಪಾತ್ರೆ ತೊಳೆಯುವವಳು ಕನ್ನಡಿ ಎತ್ತಿಕೊಂಡಳು. ಹಿತ್ತಲ ದಾರಿ ಹತ್ತಿರವಿದ್ದರೂ ಟೈಲರಮ್ಮ ಅವರನ್ನೆಲ್ಲ ಅಂಗಡಿ ಸಾಲಿನ ಮುಂದಿನಿಂದಲೇ ನಡೆಸಿಕೊಂಡು ಹೋದಳು. ತಲೆ ತಗ್ಗಿಸಿದವರನ್ನು, "ಕೆಳಗೇನು ಬಿದ್ದಿದೆ, ಮುಂದೆ ನೋಡಿ!" ಎಂದು ಗದರಿದಳು.

ಮೈದುನ ಸೂಜಿಯನ್ನು ಪೂರ್ತಿ ಬಿಟ್ಟನೆಂದರೆ ಸುಳ್ಳಾಗುತ್ತದೆ. ಚುಚ್ಚಿಕೊಂಡರೆ ಹೊಸದರಲ್ಲೇ ಚುಚ್ಚಿಕೊಳ್ಳುತ್ತಾನೆ, ಬಳಸಿದ್ದನ್ನು, ಹಳೆ ಸೂಜಿ ವಾಪಸು ಒಯ್ಯಲೆಂದು ಕಡ್ಡಿ ಇಟ್ಟಿರುವ ಡಬ್ಬಿಗೆ ಹಾಕುತ್ತಾನೆ. ಮಾತ್ರೆ ಮಾತ್ರ ತಪ್ಪಿಸುವುದಿಲ್ಲ. ತಪ್ಪಿಸಲು ಅವನ ತಾಯಿ ಬಿಡುವುದಿಲ್ಲ. ಗೋದಾಮಿಗೆ ಅವನೇ ವೈರಿಂಗ್ ಮಾಡಿದ.

ಹೊಸ ಅಂಗಡಿಗೆ ಬೋರ್ಡು ಬರೆಯಲು ಬಣ್ಣ ಬಳಿಯುವವನೇ ಬಂದ. "ಬಟ್ಟೆ ಹೊಲಿಯಲಾಗುತ್ತದೆ" ಎಂಬುದರ ಕೆಳಗೆ "ಎಚ್‌ಐವಿ ಸ್ವಯಂ ಪರೀಕ್ಷೆಗೆ ಜಾಗವಿದೆ" ಎಂದು ಅಷ್ಟೇ ದಪ್ಪಕ್ಷರದಲ್ಲಿ ಬರೆಯಲು ಟೈಲರಮ್ಮ ಹೇಳಿದಳು.

ಕಡ್ಡಿ ಗಾಬರಿಯಾದಳು. "ಹೀಗೆ ಬರೆದ್ರೆ ಯಾರಕ್ಕಾ ಬರ್ತಾರೆ?"

"ಸೀರೆಗೆ ಫಾಲ್ ಹಚ್ಚಿಸೋರೂ ಇದೇ ಬಾಗಿಲಲ್ಲೇ ಬರ್ತಾರೆ. ಯಾರು ಯಾವುದಕ್ಕೆ ಬಂದ್ರು ಅಂತ ಹೇಗೆ ಗೊತ್ತಾಗುತ್ತೆ? ಎಷ್ಟು ದಿನ ಅಂತ ಕದ್ದು ಮಾಡೋಣ? ನಾವೇನು ಕಳ್ಳರಾ?"

ಬಣ್ಣ ಇನ್ನೂ ಆರಿರಲಿಲ್ಲ. ಕೈಚೀಲ ಹಿಡಿದ ಹೆಂಗಸೊಬ್ಬಳು ಬಂದು ಎರಡೂ ಸಾಲು ಓದಿಕೊಂಡು ಹೊಸ್ತಿಲಲ್ಲಿ ನಿಂತಳು.

"ಯಾವುದಕ್ಕೆ ಬಂದೆ ಅಂತ ಇಲ್ಲೇ ಹೇಳ್ಬೇಕಾ?"

"ಬೇಡ," ಅಂದಳು ಟೈಲರಮ್ಮ. "ಒಳಗೆ ಬನ್ನಿ."