ಮೇಲಿನ ಕಂಬಿ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಎರಡನ್ನೂ ಬೇರೆ ಬೇರೆ ಮಾಡಿ ಹೇಳಿದ್ದಾರೆ. ಕಾಡುಗೋಡಿಯಲ್ಲಿ ಕಾಂಕ್ರೀಟ್ ಸುರಿದು ಮೋಲ್ಡ್ ಹಾಕುವ ದಿನ ಬಂದರೆ ಎರಡನ್ನೂ ಒಂದೇ ಜಾಗದಲ್ಲಿ ನೋಡಬಹುದು. ಗೋಪಾಲಪ್ಪನವರ ಬಾಡಿಗೆ ಮನೆಗಳ ಕಟ್ಟಡಕ್ಕೆ ಆ ಶುಕ್ರವಾರ ಮೊದಲ ಮಹಡಿಯ ಕಾಂಕ್ರೀಟ್ ಬೀಳಬೇಕಿತ್ತು. ಬೀದಿಗೆ ಶಾಮಿಯಾನ ಬಂದಿತ್ತು, ಕೇಸರಿಬಾತಿನ ಕೊಪ್ಪರಿಗೆ ಬಂದಿತ್ತು, ಹೊಸಕೋಟೆಯ ಬೀಗರು ಬಂದಿದ್ದರು. ಕಾಂಕ್ರೀಟ್ ಕಲೆಸುವ ಮೆಷಿನ್ನಿನ ಕುತ್ತಿಗೆಗೂ ಚೆಂಡುಹೂವಿನ ಹಾರ ಬಿದ್ದಿತ್ತು. ಬರಬೇಕಾಗಿದ್ದ ಉಮಾಶ್ರೀ ಮಾತ್ರ ವರ್ತೂರಿನ ಟ್ರಾಫಿಕ್ಕಿನಲ್ಲಿ ಸ್ಕೂಟರ್ ನಿಲ್ಲಿಸಿಕೊಂಡು ಬೆವರುತ್ತಿದ್ದಳು.

ಉಮಾಶ್ರೀ ದಾವಣಗೆರೆಯ ಹುಡುಗಿ, ಓದಿನಿಂದ ಸಿವಿಲ್ ಇಂಜಿನಿಯರ್. ಮನೆ ಕಟ್ಟುವವರಿಗೂ ಮೇಸ್ತ್ರಿಗಳಿಗೂ ತರಬೇತಿ ಕೊಡುವ ಅತ್ತಿಬೆಲೆಯ ಒಂದು ಕೇಂದ್ರದಲ್ಲಿ ಅವಳ ಕೆಲಸ. ಪಾಠ ಮಾಡಿ ಕೈ ತೊಳೆದುಕೊಂಡರೆ ಮುಗಿಯುವುದಿಲ್ಲ. ಕಲಿತು ಹೋದವರ ಸೈಟಿಗೂ ಹೋಗಿ, ಕೆಲಸ ನಕ್ಷೆಯಂತೆ, ನಿಯಮದಂತೆ ನಡೆದಿದೆಯೇ ಎಂದು ನೋಡಬೇಕು. ಗೋಪಾಲಪ್ಪ ಬಾಲ್ಕನಿಯನ್ನು ರಸ್ತೆಯ ಮೇಲಕ್ಕೇ ಚಾಚಲು ಹೊರಟಾಗ ನಕ್ಷೆ ಹಿಡಿದು ಜಗಳವಾಡಿ ಅದನ್ನು ಒಳಕ್ಕೆ ಎಳೆಸಿದವಳು ಇವಳೇ. ಯಜಮಾನರಿಗೆ ಆ ಉರಿ ಇನ್ನೂ ಆರಿರಲಿಲ್ಲ.

ಅವಳು ಮೆಟ್ಟಿಲು ಹತ್ತಿ ಮೇಲೆ ಬಂದಾಗ ಪೂಜೆ ಮುಗಿದು, ನೆಂಟರು ತಿಂಡಿಗೆ ಇಳಿಯುತ್ತಿದ್ದರು. ಹಾಸಿದ ಕಬ್ಬಿಣದ ಕಂಬಿಗಳ ಮೇಲೆ ಕುಂಕುಮ, ಅಕ್ಷತೆ, ಯಾರದೋ ಮಲ್ಲಿಗೆ. ಉಮಾಶ್ರೀ ಬಾಲ್ಕನಿಯ ಕಡೆ ನೋಡಿದಳು. ಹಿಂದಿನ ಸಂಜೆ ಅವಳೇ ಪರೀಕ್ಷಿಸಿದಾಗ ಚೆನ್ನಾಗಿ ಎತ್ತರದಲ್ಲಿ ನಿಂತಿದ್ದ ಕಂಬಿಗಳು ಈಗ ಕೆಳಗೆ ಹಾಸಿದ ಹಲಗೆಗೆ ಅಂಟಿ ಮಲಗಿದ್ದವು. ಅವುಗಳನ್ನು ಎತ್ತಿ ಹಿಡಿಯಲೆಂದು ಇಟ್ಟಿದ್ದ ಕಬ್ಬಿಣದ ಕಾಲುಗಳು ಅಡ್ಡಬಿದ್ದಿದ್ದವು. ಬಾಲ್ಕನಿ ಇರುವುದು ಈಶಾನ್ಯ ಮೂಲೆಯಲ್ಲಿ. ಪೂಜೆಗೆ ಅದೇ ಜಾಗ ಶ್ರೇಷ್ಠ, ಫೋಟೊಗೂ ಅದೇ ಬೆಳಕು ಚೆಂದ. ಇಡೀ ವಂಶ ಅಲ್ಲಿ ಒತ್ತಾಗಿ ನಿಂತು ನಕ್ಕು ಹೋಗಿತ್ತು.

ಆಗಲೇ ಕೆಳಗೆ ಮೆಷಿನ್ ಗುಡುಗತೊಡಗಿತು. ಸಾಮಾನು ಎತ್ತುವ ಲಿಫ್ಟಿನಿಂದ ಬಾಂಡ್ಲಿಗಳಲ್ಲಿ ಕಾಂಕ್ರೀಟ್ ತರುವವರು ನಡೆಯುವ ಹಲಗೆಯ ಬಾಯಲ್ಲಿ ಉಮಾಶ್ರೀ ಹೋಗಿ ನಿಂತಳು.

"ಯಾರೂ ಬಾಂಡ್ಲಿ ತರಬೇಡಿ. ಬಾಲ್ಕನಿ ಕಂಬಿ ಎತ್ತೋ ತನಕ ಹಾಕೋ ಹಾಗಿಲ್ಲ."

ಗೋಪಾಲಪ್ಪ ಪಂಚೆ ಎತ್ತಿ ಕಟ್ಟಿಕೊಂಡು ಬಂದರು. "ಇದೇನ್ ಮೇಡಂ, ಸುಬಕಾರ್ಯಕ್ಕೆ ಅಡ್ಡ ನಿಂತ್ರೆ ಎಂಗೆ? ಅತ್ತೂವರೆಗೆ ರಾವುಕಾಲ ಬತ್ತದೆ. ನಿನ್ನೆ ನೀವೇ ನೋಡಿ ಸರೀಗದೆ ಅಂದ್ರಲ್ಲ?"

"ನಿನ್ನೆ ಸರಿ ಇತ್ತು. ಇವತ್ತು ಎಲ್ಲರೂ ಅದರ ಮೇಲೆ ನಿಂತಿದ್ದೀರಿ."

"ದೇವ್ರ ಪೂಜೆ ಮಾಡಿದ್ರೆ ಕಬ್ಣ ಕೆಟ್ಟೋಯ್ತದಾ?"

"ಪೂಜೆಯಿಂದ ಏನೂ ಕೆಡಲ್ಲ ಗೋಪಾಲಪ್ಪನೋರೆ. ತುಳಿದ್ರೆ ಕೆಡುತ್ತೆ."

ಅವಳು ಮೇಸ್ತ್ರಿಯ ಕಡೆ ತಿರುಗಿದಳು. ಇರಣ್ಣ ಯಾದಗಿರಿ ಕಡೆಯವನು. ಹೋದ ತಿಂಗಳಷ್ಟೇ ಅವಳ ತರಗತಿಯ ಮುಂದಿನ ಸಾಲಿನಲ್ಲಿ ಕೂತು, ಬಾಲ್ಕನಿಯ ಕಂಬಿ ಯಾಕೆ ಮೇಲಿರಬೇಕು ಎಂದು ಎಲ್ಲರಿಗಿಂತ ಮೊದಲು ಉತ್ತರ ಹೇಳಿದ್ದವನು. ಚಪ್ಪಾಳೆಯ ನಡುವೆ ಸರ್ಟಿಫಿಕೇಟ್ ತೆಗೆದುಕೊಂಡು ಹೋಗಿದ್ದ.

"ಇರಣ್ಣ, ನೀವೇ ಹೇಳಿ. ಹೀಗೇ ಹಾಕಬಹುದಾ?"

ಇರಣ್ಣ ಹೆಗಲ ಮೇಲಿನ ಟವೆಲ್ಲು ಸರಿಪಡಿಸಿಕೊಂಡ. "ಸಾವ್ಕಾರ್ರು ಹೆಂಗ ಹೇಳ್ತಾರ ಹಂಗ್ರಿ ಮೇಡಂ."

ಉಮಾಶ್ರೀಗೆ ಸಿಟ್ಟು ಬಂತು; ಸಿಟ್ಟಿಗಿಂತ ಹೆಚ್ಚು ನೋವಾಯಿತು. ಇವತ್ತೇನೋ ತಾನು ಅಡ್ಡ ನಿಲ್ಲಬಹುದು. ಇದರ ಮೇಲಿನ ಮಹಡಿಗೆ, ಎದುರು ಸಾಲಿನ ಮನೆಗೆ, ಈ ಮನುಷ್ಯ ಮುಂದೆ ಕಟ್ಟುವ ಮನೆಗಳಿಗೆಲ್ಲ ಯಾರು ನಿಲ್ಲುತ್ತಾರೆ? ಅವನಿಗೆ ಗೊತ್ತಿಲ್ಲದಿದ್ದರೆ ಇನ್ನೊಮ್ಮೆ ಕಲಿಸಬಹುದಿತ್ತು. ಗೊತ್ತಿದ್ದೂ ಬಾಯಿಗೆ ಬೀಗ ಹಾಕಿಕೊಂಡವನಿಗೆ ಯಾವ ಪಾಠ ಮಾಡುವುದು?

ಗೋಪಾಲಪ್ಪ ಕೈಗಡಿಯಾರ ತಟ್ಟಿ ತೋರಿಸಿದರು. "ನನ್ ಮನೆ, ನನ್ ಜವಾಬ್ದಾರಿ. ಸರೀರಿ ಅತ್ಲಾಗೆ."

"ನಾನು ಸರಿಯೋದಿಲ್ಲ. ನಾಳೆ ಇಲ್ಲಿ ಬಾಡಿಗೆಗೆ ಬರೋ ಹೆಣ್ಮಕ್ಕಳು ಬಟ್ಟೆ ಒಣಹಾಕೋಕೆ ನಿಲ್ತಾರೆ, ಫೋನ್ ಹಿಡ್ಕೊಂಡು ನಿಲ್ತಾರೆ. ಅವರಿಗೆ ಇದು ಯಾರ ಜವಾಬ್ದಾರಿ ಅಂತ ಗೊತ್ತಿರಲ್ಲ."

ಈ ಗಲಾಟೆ ಕೇಳಿ ಯಜಮಾನರ ಹೆಂಡತಿ ಲಕ್ಷ್ಮಮ್ಮ ಪೂಜೆಯ ನೀರಿನ ಬಿಂದಿಗೆ ಹಿಡಿದುಕೊಂಡೇ ಮೇಲೆ ಬಂದರು. ಗಂಡನ ಹತ್ತಿರ ವಾದ ಮಾಡಿ ಗಂಟಲು ಒಣಗಿಸಿಕೊಳ್ಳುವುದಕ್ಕಿಂತ ಇವರೇ ವಾಸಿ ಎನಿಸಿತು ಉಮಾಶ್ರೀಗೆ.

"ಅಮ್ಮಾ, ಆ ಬಿಂದಿಗೇನ ಕೈ ಉದ್ದ ಚಾಚಿ ಹಿಡ್ಕೊಳ್ಳಿ. ಇನ್ನೂ ಚಾಚಿ. ಎಲ್ಲಿ ಜಗ್ಗುತ್ತೆ?"

ಲಕ್ಷ್ಮಮ್ಮ ತುಸು ಹೊತ್ತು ಹಿಡಿದು ಮುಖ ಕಿವುಚಿದರು. "ಇಲ್ಲಿ ಕಣವ್ವ, ಬುಜದ್ ಮ್ಯಾಲೆ. ಕಿತ್ಕೊಂಡ್ ಬತ್ತದೆ."

"ಬಾಲ್ಕನಿನೂ ಮನೆಯ ಚಾಚಿದ ಕೈನೇ. ಕೆಳಗೆ ಕಂಬ ಇಲ್ಲ. ಭುಜದ ಮೇಲೆ ಜಗ್ಗೋ ಕಡೆ ಕಬ್ಬಿಣ ಇರಬೇಕು. ನೀವೆಲ್ಲ ತುಳಿದು ಅದನ್ನ ಕಂಕುಳಿಗೆ ಇಳಿಸಿದ್ದೀರಿ."

ಲಕ್ಷ್ಮಮ್ಮ ಬಿಂದಿಗೆ ಇಳಿಸಿ, ಮಲಗಿದ್ದ ಕಂಬಿಗಳನ್ನು ನೋಡಿದರು, ಗಂಡನನ್ನು ನೋಡಿದರು. ಆ ನೋಟ ಗೋಪಾಲಪ್ಪನವರಿಗೆ ಮದುವೆಯಾದಾಗಿನಿಂದ ಪರಿಚಿತ.

"ಮೂರ್ತ ಮೊದಲ್ನೇ ಬಾಂಡ್ಲೀಗ್ ತಾನೆ? ಒಳಗಡೆ ಮೂಲೇಲಿ ಒಂದ್ ಬಾಂಡ್ಲಿ ಸುರೀರಿ, ಮೂರ್ತ ಆಯ್ತು. ಮಿಕ್ಕಿದ್ದು ಈ ಎಣ್ಮಗ್ಳು ಯೋಳ್ದಂಗೆ ಆಗ್ಲಿ. ನಾಳೀಕೆ ಯಾರೋ ಬಿದ್ ಸತ್ರೆ ಆ ಪಾಪ ಒತ್ಕೊಂಡು ನೀನು ಒಬ್ನೇ ಓಗು, ನಾ ಬರಾಕಿಲ್ಲ."

ಹಾಗೇ ಆಯಿತು. ಒಳಮೂಲೆಯ ತೊಲೆಯ ಮೇಲೆ ಮೊದಲ ಬಾಂಡ್ಲಿ ಬಿತ್ತು, ಗಂಟೆ ಬಾರಿಸಿದರು. ಮೆಷಿನ್ ನಿಂತಿತು. ಇರಣ್ಣನೂ ಅವನ ಕಡೆಯವರೂ ಬಾಲ್ಕನಿಯ ಕಂಬಿಗಳನ್ನು ಒಂದೊಂದಾಗಿ ಎತ್ತಿ, ಅಡ್ಡಬಿದ್ದ ಕಾಲುಗಳನ್ನು ನಿಲ್ಲಿಸಿ, ತಂತಿ ಬಿಗಿದರು. ಉಮಾಶ್ರೀ ಹಲಗೆಯ ಬಾಯಿ ಬಿಡಲಿಲ್ಲ. ಕೆಲಸ ಚೊಕ್ಕವಾಗಿ ನಡೆಯುತ್ತಿತ್ತು, ಆದರೆ ಅವಳ ಮನಸ್ಸಿಗೆ ಸಮಾಧಾನವಿರಲಿಲ್ಲ. ಇರಣ್ಣ ಈಗಲೂ ಹೇಳಿದವರ ಮಾತು ಕೇಳುತ್ತಿದ್ದಾನೆ, ಅಷ್ಟೇ. ಹೇಳುವವರು ಬದಲಾಗಿದ್ದರು.

ಕೊನೆಯ ತಂತಿ ಬಿಗಿದು ಇರಣ್ಣ ಬೆನ್ನು ನೆಟ್ಟಗೆ ಮಾಡುವಷ್ಟರಲ್ಲಿ ಗೋಪಾಲಪ್ಪ ಇನ್ನೊಂದು ತೆಂಗಿನಕಾಯಿ ಹಿಡಿದು ಬಂದರು. ಕೆಲಸ ನಡುವೆ ನಿಂತದ್ದು ಅವರ ಮನಸ್ಸಿಗೆ ಕಸಿವಿಸಿಯಾಗಿತ್ತು; ಈಶಾನ್ಯ ಮೂಲೆಯಲ್ಲೇ ಇನ್ನೊಂದು ಕಾಯಿ ಒಡೆದು ಬಿಡೋಣವೆಂದು ನೇರ ಬಾಲ್ಕನಿಯತ್ತ ನಡೆದರು. ಉಮಾಶ್ರೀ ದೂರದಲ್ಲಿದ್ದಳು. ಕೂಗಲು ಬಾಯಿ ತೆರೆದಳು.

"ಅಲ್ಲೇ ನಿಲ್ರಿ ಸಾವ್ಕಾರ್ರ!"

ಕೂಗಿದವನು ಇರಣ್ಣ. ಎರಡೂ ಕೈ ಅಗಲಿಸಿ ಬಾಲ್ಕನಿಗೆ ಅಡ್ಡ ನಿಂತಿದ್ದ.

"ಕಾಲ ಇಡಬ್ಯಾಡ್ರಿ. ಇಟ್ರ ನಾ ಇವತ್ತ ಮೋಲ್ಡ್ ಹಾಕಂಗಿಲ್ಲ."

"ಯಾರ್ಗ್ ಯೋಳ್ತಾ ಇದ್ದೀಯ ಗೊತ್ತೇನೋ? ಮನೆ ನಂದು!"

"ಮನಿ ನಿಮ್ದರಿ. ಕಟ್ಟೂ ಕೈ ನಂದ್ರಿ."

ಶಾಮಿಯಾನದ ಕಡೆಯಿಂದ ನೆಂಟರು ಕತ್ತೆತ್ತಿ ನೋಡುತ್ತಿದ್ದರು. ಗೋಪಾಲಪ್ಪ ಮೇಸ್ತ್ರಿಯ ಮುಖ ನೋಡಿದರು, ಹೆಂಡತಿ ಎಲ್ಲಿದ್ದಾಳೆಂದು ಒಮ್ಮೆ ನೋಡಿದರು, ಎತ್ತಿದ ಕಾಲನ್ನು ಹಿಂದಕ್ಕೆ ಇಟ್ಟರು. ಕಾಯನ್ನು ನಿಂತಲ್ಲೇ, ಹಲಗೆಯ ಅಂಚಿಗೆ ಹೊಡೆದು ಒಡೆದರು.

ಇರಣ್ಣ ಕೈ ಇಳಿಸಲಿಲ್ಲ. ಹಾಗೇ ನಿಂತುಕೊಂಡು ಕೆಳಗಿನವರಿಗೆ ಮೆಷಿನ್ ಶುರು ಮಾಡಲು ಕೂಗಿ ಹೇಳಿದ.

ಉಮಾಶ್ರೀ ಹಲಗೆಯ ಬಾಯಿಂದ ಪಕ್ಕಕ್ಕೆ ಸರಿದು ಬಾಂಡ್ಲಿಯವರಿಗೆ ದಾರಿ ಬಿಟ್ಟಳು.