ಕಿವಿಯಕ್ಕನ ವರದಿ

ಹೊಸ ಸಾಫ್ಟ್‌ವೇರ್ ಸಿಂಥಸೈಜರ್ ಅನ್ನು ಮೂರು ದಿನ ಪರೀಕ್ಷಿಸಿ ವರದಿ ಕೊಡು ಎಂದು ಸ್ಟುಡಿಯೋದ ಯಜಮಾನರು ಹೇಳಿದಾಗ ಅವಳಿಗೆ ಮೊದಲು ಅನುಮಾನ ಬಂದದ್ದು ಸಿಂಥಸೈಜರ್ ಮೇಲಲ್ಲ, ಯಜಮಾನರ ಮೇಲೆ.

"ನಾನೇ ಯಾಕೆ ಸರ್?"

"ಎಲ್ಲರೂ ನಿನ್ನನ್ನ ಕಿವಿಯಕ್ಕ ಅಂತ ಸುಮ್ಮನೆ ಕರೀತಾರಾ? ಗಂಟೆ, ಗುಡುಗು, ಪಿಟೀಲು ಎಲ್ಲ ಕಂಪ್ಯೂಟರಿನಲ್ಲೇ ಹುಟ್ಟಿಸುತ್ತಂತೆ. ಕ್ಲಾರಿನೆಟ್ ಕೂಡ. ಅದೊಂದು ಸರಿ ಬಂದರೆ ನಿಮ್ಮ ಮಾವನಿಗೆ ಗುರುವಾರ ಗುರುವಾರ ಬಸ್ ಹತ್ತೋ ಕಷ್ಟ ತಪ್ಪುತ್ತೆ." ಯಜಮಾನರು ಕನ್ನಡಕ ಒರೆಸಿಕೊಂಡರು. "ಸೋದರಸೊಸೆಯೇ ಚೆನ್ನಾಗಿದೆ ಅಂತ ಬರೆದುಕೊಟ್ಟರೆ ಅವರೂ ಬೇಜಾರು ಮಾಡ್ಕೊಳ್ಳಲ್ಲ."

ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾವನನ್ನು ತೆಗೆಯುವ ಉಪಾಯ. ಅವಳ ತಾಯಿಯ ತಮ್ಮ ಆತ. ಇಲ್ಲಿನ ರೇಡಿಯೋ ನಾಟಕಗಳಿಗೆ, ಜಾಹೀರಾತುಗಳಿಗೆ ಮೂವತ್ತು ವರ್ಷದಿಂದ ಕ್ಲಾರಿನೆಟ್ ಊದುತ್ತಿದ್ದವನು. ಗುರುವಾರವೊಂದು ಇಲ್ಲದಿದ್ದರೆ ಈ ಮನುಷ್ಯ ಗಡ್ಡ ಹೆರೆಯುವುದನ್ನೂ ಬಿಟ್ಟಾನು ಎಂದು ಅತ್ತೆ ಹೇಳುತ್ತಿದ್ದಳು.

ಮೊದಲ ದಿನ ಅವಳು ಪೊಲೀಸರು ಮನೆ ಜಾಲಾಡಿದ ಹಾಗೆ ಅದನ್ನು ಜಾಲಾಡಿದಳು. ಅಗ್ಗದ ಸಿಂಥಸೈಜರ್‌ಗಳಲ್ಲಿ ಸ್ವರ ಮೇಲೇರುತ್ತಿದ್ದರೆ ಅದರಡಿಯಲ್ಲಿ ಇನ್ನೊಂದು ಕಳ್ಳ ಶಿಳ್ಳೆ ಕೆಳಗಿಳಿಯುತ್ತದೆ, ಇದರಲ್ಲಿ ಅದಿರಲಿಲ್ಲ. ಸ್ವರವನ್ನು ಸೋಸುವ ಫಿಲ್ಟರಿನ ಗುಂಡಿಯನ್ನು ಸರ್ರನೆ ತಿರುಗಿಸಿದರೆ ಮಾತ್ರ ಮರಳು ಜಗಿದಂಥ ಚರಚರ. ದೋಷ ಸಿಕ್ಕಿತೆಂದು ಖುಷಿಯಾಯಿತು. ಖುಷಿಯಾದದ್ದಕ್ಕೆ ತನ್ನ ಮೇಲೇ ಅನುಮಾನವಾಯಿತು.

ಎರಡನೇ ದಿನ ಕ್ಲಾರಿನೆಟ್ಟಿನ ಸರದಿ. ಊದುವ ವಾದ್ಯಗಳ ಕೆಲಸಕ್ಕೆಂದೇ ಕಂಪ್ಯೂಟರಿನಲ್ಲಿ ಇಟ್ಟುಕೊಂಡಿದ್ದ ಹಳೆಯ ಫೈಲ್ ತೆರೆದು, ಹೊಸ ಸಿಂಥಸೈಜರ್ ಅನ್ನು ಅದರೊಳಗೆ ಕೂರಿಸಿ, ಹಾರ್ಮೋನಿಯಂನಂಥ ಕೀಬೋರ್ಡಿನ ಒಂದು ಮನೆ ಒತ್ತಿದಳು. ಸ್ವರಕ್ಕಿಂತ ಕೂದಲೆಳೆಯಷ್ಟು ಮುಂಚೆ "ಸ್" ಎಂದು ಗಾಳಿ ಸೋರಿತು.

ಅವಳ ಬೆರಳು ಅಲ್ಲೇ ನಿಂತಿತು. ಆ ಗಾಳಿ ಅವಳಿಗೆ ಗೊತ್ತು. ಮಾವನ ಎಡಗಡೆಯ ಹಲ್ಲು ಬಿದ್ದ ಸಂದಿಯಿಂದ ಬರುವ ಗಾಳಿ ಅದು.

ಯಜಮಾನರು ಬಂದು ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿದರು. "ಜೀವ ಇದೆ ಕಣಮ್ಮ ಇದರಲ್ಲಿ. ಇನ್ನೇನು ಬೇಕು?"

ಒಂದೇ ಒಂದು ರೆಕಾರ್ಡಿಂಗ್ ಬಳಸಿಲ್ಲ, ಎಲ್ಲವೂ ಲೆಕ್ಕಾಚಾರದಿಂದ ಹುಟ್ಟಿದ್ದು ಎಂದು ಸಿಂಥಸೈಜರ್ ಮಾಡಿದ ಕಂಪನಿ ಬರೆದುಕೊಂಡಿತ್ತು. ಶುದ್ಧ ಸುಳ್ಳು. ಮಾವ ಕಳೆದ ಎರಡು ಗುರುವಾರ ಬಂದಿರಲಿಲ್ಲ. ಹಲ್ಲಿನ ಡಾಕ್ಟರ ಹತ್ತಿರ ಹೋಗಬೇಕು ಎಂದಿದ್ದ. ಹೋದದ್ದು ಆ ಕಂಪನಿಗೇ ಇರಬೇಕು. ಹದಿನೈದು ದಿನದಲ್ಲಿ ಯಾರೂ ಸಿಂಥಸೈಜರ್ ಕಟ್ಟಲಾರರು ಎಂಬ ಸರಳ ಲೆಕ್ಕ ಸಿಟ್ಟಿನಲ್ಲಿ ಅವಳಿಗೆ ಹೊಳೆಯಲಿಲ್ಲ.

ಮೂರನೇ ದಿನ ಬೆಳಗ್ಗೆ ಮಾವನ ಮನೆಗೆ ಹೋದಳು. ಅವನು ಕಿಟಕಿಯ ಬೆಳಕಿನಲ್ಲಿ ಕ್ಲಾರಿನೆಟ್ಟಿನ ಬಾಯಿಗೆ ಕಟ್ಟುವ ಬಿದಿರುಸೀಳಿನಂಥ ರೀಡ್ ಅನ್ನು ಚಾಕುವಿನಿಂದ ತೆಳ್ಳಗೆ ಹೆರೆಯುತ್ತಿದ್ದ.

"ಮಾವ, ಆ ಡಾಕ್ಟರ ಹೆಸರೇನು?"

"ಏನೇ ಇದು, ಬಾಗಿಲಲ್ಲೇ ವಿಚಾರಣೆ? ಚಪ್ಪಲಿಯಾದರೂ ಬಿಡು."

"ಕೇಳು ಕೇಳು," ಅತ್ತೆ ಒಳಗಿನಿಂದ ಕೂಗಿದಳು. "ನಾನು ಕೇಳಿದರೆ ಆ ಪೀಪಿ ಬಾಯಿಗಿಟ್ಕೊಂಡುಬಿಡ್ತಾರೆ."

"ಆ ಕಂಪನಿಯವರಿಗೆ ನಿನ್ನ ಸ್ವರ ರೆಕಾರ್ಡ್ ಮಾಡಿಕೊಟ್ಟಿದೀಯಾ ಇಲ್ವಾ? ಹಲ್ಲಿನ ಸಂದಿ ಸಮೇತ ನೀನು ಅದರೊಳಗೆ ಕೂತಿದೀಯ."

ಮಾವ ಚಾಕು ಕೆಳಗಿಟ್ಟ. "ನನ್ನ ಗುರುವಾರಾನ ನಾನೇ ಕೈಯಾರೆ ಕೊಟ್ಟೆ ಅಂತೀಯಾ?"

ಆಮೇಲೆ ಬಾಯಿ ಅಗಲಿಸಿದ. ಸಂದಿಯಿದ್ದಲ್ಲಿ ಹೊಸ ಹಲ್ಲೊಂದು ಹಳೆಯ ವಠಾರಕ್ಕೆ ಬಂದ ಹೊಸ ಬಾಡಿಗೆದಾರನ ಹಾಗೆ ಬೆಳ್ಳಗೆ ನಿಂತಿತ್ತು.

"ಇನ್ಮೇಲೆ ಗಾಳಿ ಸೋರಲ್ಲ. ಗುರುವಾರ ಊದಿ ನಿನ್ನ ಬೆರಗು ಮಾಡೋಣ ಅಂತಿದ್ದೆ," ಎಂದ. ಮತ್ತೆ ಅವಳ ಮುಖ ನೋಡಲಿಲ್ಲ.

ವಾಪಸ್ ಬರುವ ಬಸ್ಸಿನಲ್ಲಿ ಅವಳ ತಲೆ ನಿಧಾನವಾಗಿ ಕೆಲಸ ಮಾಡತೊಡಗಿತು. ಹಲ್ಲಿನ ಸಂದಿಯಿದ್ದಾಗ ಒಂದೊಂದೇ ಸ್ವರವಾಗಿ ಮಾವನನ್ನು ಮುದ್ರಿಸಿಕೊಂಡವರು ಯಾರು? ಅವಳೊಬ್ಬಳೇ. ಮಾವ ಬರಲಾಗದ ದಿನ ಸಂಗೀತದ ಕರಡು ಹಾಕಿಕೊಳ್ಳಲು ಬೇಕಾಗುತ್ತದೆಂದು ಮೂರು ವರ್ಷದ ಹಿಂದೆ ಅವಳೇ ಮಾಡಿಕೊಂಡಿದ್ದ ರೆಕಾರ್ಡಿಂಗ್ ಅದು.

ಸ್ಟುಡಿಯೋದಲ್ಲಿ ಆ ಹಳೆಯ ಫೈಲಿನ ತಳಕ್ಕೆ ಹೋದಳು. ಪರದೆಗೆ ಕಾಣದಷ್ಟು ಕೆಳಗೆ ಮಾವನ ಸ್ವರಗಳ ಟ್ರ್ಯಾಕ್ ಕೀಬೋರ್ಡಿಗೆ ಇನ್ನೂ ಜೋಡಿಕೊಂಡೇ ಇತ್ತು. ಕೀಬೋರ್ಡಿನ ಮನೆ ಒತ್ತಿದಾಗಲೆಲ್ಲ ಮಾವ, ಸಿಂಥಸೈಜರ್ ಇಬ್ಬರೂ ಒಟ್ಟಿಗೆ ನುಡಿದಿದ್ದರು. ಅದನ್ನು ಮುಚ್ಚಿ ಮತ್ತೆ ಒತ್ತಿದಳು. ಸಿಂಥಸೈಜರ್ ಒಂದೇ ನುಡಿಯಿತು: ತೊಳೆದಿಟ್ಟ ಗಾಜಿನ ಲೋಟದಂಥ ಸ್ವರ. ತಪ್ಪಿಲ್ಲ, ಮನುಷ್ಯನೂ ಇಲ್ಲ.

ನಿಜ ಹೇಳಿದರೆ ಯಜಮಾನರು ಏನೆನ್ನುತ್ತಾರೆಂದು ಅವಳಿಗೆ ಗೊತ್ತಿತ್ತು: ಎರಡನ್ನೂ ಸೇರಿಸಿಯೇ ಬಾರಿಸು, ಮಾವ ಯಾಕೆ? ಗುರುವಾರವನ್ನು ನುಂಗಬಲ್ಲದ್ದು ಕಂಪನಿಯ ಸಾಮಾನಲ್ಲ. ಅವಳು ತನ್ನ ಅನುಕೂಲಕ್ಕೆಂದು ಮಾಡಿಟ್ಟದ್ದು. ಅವಳು ಆ ರೆಕಾರ್ಡಿಂಗ್ ಅಳಿಸಿದಳು. ಕಂಪ್ಯೂಟರ್ ಎರಡು ಸಲ ಕೇಳಿತು. ಎರಡು ಸಲವೂ ಹೌದು ಎಂದಳು.

ಮಧ್ಯಾಹ್ನ ಯಜಮಾನರು ಮತ್ತೆ ಹೆಡ್‌ಫೋನ್ ಹಾಕಿಕೊಂಡರು. ಈ ಸಲ ಕಣ್ಣು ಮುಚ್ಚಲಿಲ್ಲ.

"ನಿನ್ನೆ ಕೇಳಿದ್ದು ಇದಲ್ಲ."

"ಸಿಂಥಸೈಜರ್ ಇದೇ ಸರ್. ನಿನ್ನೆ ನನ್ನ ಫೈಲಿನಲ್ಲಿ ತಪ್ಪಿತ್ತು."

"ಏನು ತಪ್ಪು?"

ಅವಳು ವರದಿಯ ಹಾಳೆಯನ್ನು ಮುಂದಿಟ್ಟಳು.

"ಬೆಳಗ್ಗೆ ಮಾವನ ಮನೆಗೆ ಹೋಗಿದ್ಯಾ?"

"ಹೋಗಿದ್ದೆ."

"ಹ್ಞೂಂ." ಯಜಮಾನರು ವರದಿ ಓದಿದರು: ಗಂಟೆ, ಗುಡುಗು, ಪಿಟೀಲಿಗೆ ಆದೀತು, ಊದುವ ವಾದ್ಯಕ್ಕೆ ಆಗದು. ಹಾಳೆಯನ್ನು ಎರಡೇ ಬೆರಳಲ್ಲಿ ಹಿಡಿದಿದ್ದರು. "ಬರೆದದ್ದು ಬರೆದಾಯ್ತು, ಇರಲಿ. ಮುಂದಿನ ಸಲ ಪರೀಕ್ಷೆಗೆ ಹೊರಗಿನವರನ್ನ ಕರೆಸ್ತೀನಿ."

ಅವಳು ಹೊರಗೆ ಮೆಟ್ಟಿಲ ಮೇಲೆ ಕೂತು ಮಾವನಿಗೆ ಫೋನ್ ಮಾಡಿದಳು.

"ಗುರುವಾರ ಹತ್ತಕ್ಕೆ ಬಾ."

"ಕಳ್ಳ ಸಿಕ್ಕಿದನಾ?"

"ಸಿಕ್ಕಿದಳು. ನಾನೇ, ಮೂರು ವರ್ಷದ ಹಿಂದಿನ ರೆಕಾರ್ಡಿಂಗ್."

"ಅವತ್ತೇ ಅನ್ಕೊಂಡಿದ್ದೆ ಕಣೇ," ಎಂದ ಮಾವ. "ಒಂದೊಂದೇ ಸ್ವರ ಯಾಕೆ ಊದಿಸ್ತಿದಾಳೆ ಇವಳು ಅಂತ. ಮೂರು ವರ್ಷದಿಂದ ಪ್ರತಿ ಗುರುವಾರ, ಇದೇ ಕೊನೇದೇನೋ ಅಂದ್ಕೊಂಡೇ ಬಸ್ ಹತ್ತಿದೀನಿ."

"ಅಳಿಸಿಬಿಟ್ಟೆ ಮಾವ."

"ಇನ್ನೊಂದು ಕಾಪಿ ಇಲ್ಲ ತಾನೇ?"

"ಇಲ್ಲ."

"ಸರಿ," ಎಂದ ಅವನು. "ಗುರುವಾರ ಬರ್ತೀನಿ."